ಸ್ಪೆಕುಲಾಸ್ ಕೈಕೊಟ್ಟಾಗ: ಲಕ್ಷಣ ನೋಡಿ ತಪ್ಪು ಹುಡುಕುವುದು ಹೇಗೆ

ನವೆಂಬರ್ ಮಧ್ಯದಲ್ಲಿ ಮಕ್ಕಳಿಗೆ ಉಡುಗೊರೆ ತರುವ ಗಡ್ಡದ ಸಂತ ಸಿಂಟರ್‌ಕ್ಲಾಸ್ ಹಬೆ ಹಡಗಿನಲ್ಲಿ ಬಂದಿಳಿಯುತ್ತಾನೆ. ಅಲ್ಲಿಂದ ಡಿಸೆಂಬರ್ 5ರ ಉಡುಗೊರೆ ಸಂಜೆಯವರೆಗೆ ನೆದರ್ಲ್ಯಾಂಡ್ಸ್‌ನಲ್ಲಿ ಎಲ್ಲಿ ಹೋದರೂ ಚಕ್ಕೆ, ಲವಂಗ, ಜಾಯಿಕಾಯಿಯ ಘಮ. ಇಲ್ಲಿನ ಆಮ್‌ಸ್ಟೆಲ್‌ವೇನ್ ಊರಿಗೆ ಬಂದ ಮೊದಲ ಚಳಿಗಾಲದಲ್ಲೇ ನನಗೆ ಸ್ಪೆಕುಲಾಸ್ ಹುಚ್ಚು ಹಿಡಿಯಿತು. ಅದು ಮರದ ಅಚ್ಚಿನಲ್ಲಿ ಚಿತ್ರ ಒತ್ತಿ ಬೇಯಿಸುವ ಡಚ್ ಮಸಾಲೆ ಬಿಸ್ಕತ್ತು. ಈಗ ಪ್ರತಿ ವರ್ಷ ಮಾಡುತ್ತೇನೆ. ಇಲ್ಲಿನ ಕನ್ನಡದ ಮನೆಗಳಿಂದ ಫೋನ್ ಬರುವುದೂ ಆಗಲೇ. ‘ಅಕ್ಕಾ, ಗಾಳಿಯಂತ್ರದ ಅಚ್ಚು ಒತ್ತಿ ಓವನ್‌ಗೆ ಇಟ್ಟೆ, ದೋಸೆ ಆಗಿ ಬಂತು.’ ‘ಅಕ್ಕಾ, ಅಚ್ಚಿನಿಂದ ಬಿಡ್ತಾನೇ ಇಲ್ಲ.’

ಎಲ್ಲರೂ ಮೊದಲು ಬೈಯುವುದು ಓವನ್ನನ್ನು. ನಾನು ಕಂಡ ಹಾಗೆ ತಪ್ಪು ಹೆಚ್ಚಾಗಿ ಅದಕ್ಕೂ ಹಿಂದೆ, ಹಿಟ್ಟಿನಲ್ಲೇ ಇರುತ್ತದೆ. ಬೆಣ್ಣೆ ಬೆಚ್ಚಗಾಗಿರುತ್ತದೆ, ನೀರು ಜಾಸ್ತಿಯಾಗಿರುತ್ತದೆ, ಇಲ್ಲವೇ ಹಿಟ್ಟು ನೆನೆಯಲು ಬಿಟ್ಟಿರುವುದಿಲ್ಲ. ಹಾಗಾಗಿ ಇಲ್ಲಿ ಕಾಸು ಖರ್ಚಿಲ್ಲದ ಪರೀಕ್ಷೆಗಳು ಮೊದಲು, ಓವನ್ ರಿಪೇರಿಯವರ ಮಾತು ಆಮೇಲೆ.

ಹೋಲಿಸಿ ನೋಡಲು ಒಂದು ಅಳತೆ

ನಾನು ಅಚ್ಚಿನ ಸ್ಪೆಕುಲಾಸ್‌ಗೆ ಹಾಕುವುದು ಇಷ್ಟು: ಮೈದಾ 250 ಗ್ರಾಂ, ಉಪ್ಪಿಲ್ಲದ ಬೆಣ್ಣೆ 125 ಗ್ರಾಂ, ಕಡು ಕಂದು ಸಕ್ಕರೆ 125 ಗ್ರಾಂ, ಮಸಾಲೆ ಪುಡಿ ಒಂದು ದೊಡ್ಡ ಚಮಚ, ಉಪ್ಪು ಕಾಲು ಟೀ ಚಮಚ, ಬೇಕಿಂಗ್ ಪೌಡರ್ ಕಾಲು ಟೀ ಚಮಚ, ಹಾಲು ಎರಡು ದೊಡ್ಡ ಚಮಚ. ಮೊಟ್ಟೆ ಇಲ್ಲ. ಕಲಸಿ ರಾತ್ರಿಯಿಡೀ ಫ್ರಿಜ್‌ನಲ್ಲಿಡುತ್ತೇನೆ. ಅರ್ಧ ಸೆಂಟಿಮೀಟರ್ ದಪ್ಪಕ್ಕೆ 170 ಡಿಗ್ರಿಯಲ್ಲಿ 18ರಿಂದ 20 ನಿಮಿಷ. ಫ್ಯಾನ್ ಇರುವ ಓವನ್ ಆದರೆ 150ರಿಂದ 155 ಡಿಗ್ರಿ ಸಾಕು.

250 ಗ್ರಾಂ ಮೈದಾಕ್ಕೆ 150 ಗ್ರಾಂ ಬೆಣ್ಣೆ ಹೇಳುವ ಅಳತೆಗಳೂ ಇವೆ. ದಪ್ಪಗೆ ಬೇಯಿಸಿ ಕೈಯಲ್ಲಿ ಮುರಿಯುವ ‘ಬ್ರೊಕನ್’ಗೆ ಅದು ಚೆನ್ನ. ಅಚ್ಚಿಗೆ ಆ ಬೆಣ್ಣೆ ಜಾಸ್ತಿ.

ಇನ್ನೊಂದು ಮಾತು. ಏನೇ ಸರಿ ಮಾಡಿದರೂ ಇಡೀ ಟ್ರೇ ಬೇಯಿಸಬೇಡಿ. ಒಂದೇ ಒಂದು ಬಿಸ್ಕತ್ತು ಬೇಯಿಸಿ ನೋಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಇಲ್ಲದಿದ್ದರೆ ಯಾವುದರಿಂದ ಸರಿಹೋಯಿತು ಅಂತ ತಿಳಿಯುವುದೇ ಇಲ್ಲ.

‘ಗರಿಗರಿ ಆಗಿಲ್ಲ, ಮೆತ್ತಗಿದೆ’

ಮೊದಲು ನೀವು ಮಾಡಿದ್ದು ಯಾವ ಬಿಸ್ಕತ್ತು ಅಂತ ನೋಡಿ. ಕೆಲವಕ್ಕೆ ಮೆತ್ತಗಿರುವುದೇ ಗುಣ. ತಾಯ್‌ತಾಯ್ ಅನ್ನುವುದು ಜೇನು, ಸೋಂಪಿನ ಘಮದ ಬಿಸ್ಕತ್ತು. ಡಚ್ ಭಾಷೆಯಲ್ಲಿ ‘ತಾಯ್’ ಅಂದರೆ ಜಗಿದರೆ ಎಳೆಯುವಂಥದ್ದು. ಹಳೆ ಕಾಲದ ಪೇಪರ್‌ನೋಟನ್ ಕೂಡ ಹಾಗೇ, ಒಂದೊಂದು ಒಂದೊಂದು ಆಕಾರದಲ್ಲಿ, ಜಗಿಯುವಂತೆ ಇರುತ್ತದೆ. ಸಣ್ಣಗೆ, ದುಂಡಗೆ, ಕಟುಂ ಅನ್ನುವುದು ಕ್ರೌಡ್‌ನೋಟನ್. ಇಲ್ಲಿನ ಜನರೇ ಇವೆರಡರ ಹೆಸರನ್ನು ಬೆರೆಸಿ ಹೇಳುತ್ತಾರೆ. ಅದಕ್ಕೇ ಹೆಸರು ನೋಡಿ ಕೊರಗುವ ಬದಲು ನೀವು ಹಾಕಿದ ಸಾಮಾನು ನೋಡಿ. ಜೇನು, ರೈ (ಗೋಧಿಯಂಥ ಧಾನ್ಯ) ಹಿಟ್ಟು, ಸೋಂಪು ಇದ್ದರೆ ಅದು ಮೆತ್ತಗೇ ಇರಬೇಕು. ಬಾದಾಮಿ ಹೂರಣ ತುಂಬಿದ ಸ್ಪೆಕುಲಾಸ್ ಕೂಡ ಮೆತ್ತಗೇ.

ಮಾಡಿದ್ದು ಸಾದಾ ಸ್ಪೆಕುಲಾಸ್ ಆದರೆ ಗಡಿಯಾರ ನೋಡಿ. ಓವನ್‌ನಿಂದ ತೆಗೆದಾಗ ಎಲ್ಲ ಸ್ಪೆಕುಲಾಸೂ ಬಾಗುತ್ತದೆ. ಆರುವಾಗ ಸಕ್ಕರೆ, ಬೆಣ್ಣೆ ಎರಡೂ ಗಟ್ಟಿಯಾಗಬೇಕು. ಜಾಲರಿ ಮೇಲೆ ಅರ್ಧ ಗಂಟೆ ಬಿಡಿ. ಬಿಸಿ ಟ್ರೇಯಲ್ಲೇ ಬಿಟ್ಟರೆ ತಳದಲ್ಲಿ ಹಬೆ ಸಿಕ್ಕಿಕೊಂಡು ಅಡಿ ಒದ್ದೆಯಾಗುತ್ತದೆ.

ಆರಿದ ಮೇಲೆ ಒಂದನ್ನು ನಡುವೆ ಮುರಿಯಿರಿ. ಅಂಚು ಪಟ್ಟೆಂದು ಮುರಿದು ನಡುವೆ ಮೆತ್ತಗಿದ್ದರೆ ಬೇಯುವುದು ಸಾಲಲಿಲ್ಲ ಅಂತ ಅರ್ಥ. 150 ಡಿಗ್ರಿಯಲ್ಲಿ ಮತ್ತೆ ಐದಾರು ನಿಮಿಷ ಇಡಿ, ಸರಿಹೋಗುತ್ತದೆ. ಅಂಚಿನಿಂದ ನಡುವಿನವರೆಗೆ ಒಂದೇ ಸಮ ಮೆತ್ತಗಿದ್ದರೆ ನೀರು ಜಾಸ್ತಿಯಾಗಿದೆ. ಹಾಲಿನ ಅಳತೆ ನೋಡಿ. ಬೆಣ್ಣೆಯ ಪೊಟ್ಟಣವನ್ನೂ ತಿರುಗಿಸಿ ನೋಡಿ. ಇಲ್ಲಿನ ನಿಜವಾದ ಬೆಣ್ಣೆಯಲ್ಲಿ ಕೊಬ್ಬು ಸುಮಾರು 82 ಪ್ರತಿಶತ. ಅದರ ಪಕ್ಕದಲ್ಲೇ ಸಿಗುವ ‘ಹಾಲ್ವರೀನ’ ಬ್ರೆಡ್‌ಗೆ ಹಚ್ಚಲು ಇರುವುದು. ಅದರಲ್ಲಿ ಕೊಬ್ಬು 40 ಪ್ರತಿಶತದಷ್ಟು, ಮಿಕ್ಕಿದ್ದು ಹೆಚ್ಚು ಕಡಿಮೆ ನೀರೇ. ಅದರಲ್ಲಿ ಸ್ಪೆಕುಲಾಸ್ ಆಗುವುದಿಲ್ಲ.

‘ಅಚ್ಚಿನಿಂದ ಬಿಡ್ತಾ ಇಲ್ಲ’

ಇದರಲ್ಲಿ ನಮ್ಮವರು ಎಡವುವುದಕ್ಕೆ ಒಂದು ಕಾರಣವಿದೆ. ಸಂಕ್ರಾಂತಿಗೆ ಸಕ್ಕರೆ ಅಚ್ಚು ಹೊಯ್ದವರಿಗೆ ಮರದ ಅಚ್ಚು ಹೊಸದಲ್ಲ. ಅಲ್ಲಿ ಅಚ್ಚನ್ನು ನೀರಿನಲ್ಲಿ ನೆನೆಸಿಡುತ್ತೇವೆ. ಆ ಅಭ್ಯಾಸದಲ್ಲೇ ಸ್ಪೆಕುಲಾಸ್ ಹಲಗೆಯನ್ನೂ ನೆನೆಸಿದರೆ ಕೆಟ್ಟಿತು. ಇದು ಸಕ್ಕರೆ ಪಾಕ ಅಲ್ಲ, ಬೆಣ್ಣೆಯ ಹಿಟ್ಟು. ಹಲಗೆ ಖಡಕ್ಕಾಗಿ ಒಣಗಿರಬೇಕು. ಒದ್ದೆ ಮರಕ್ಕೆ ಹಿಟ್ಟು ಅಂಟಿಕೊಳ್ಳುತ್ತದೆ. ಜೊತೆಗೆ ಮರ ಉಬ್ಬಿ ಬಿರುಕೂ ಬಿಡುತ್ತದೆ.

ಮೊದಲ ಪರೀಕ್ಷೆ ಬೆರಳಿನದು. ಹಿಟ್ಟಿನ ಮೇಲೆ ಬೆರಳೊತ್ತಿ. ಗುಳಿ ಬಿದ್ದು ಬೆರಳು ಒಣಗಿಯೇ ಬಂದರೆ ಹಿಟ್ಟು ಸರಿ. ಬೆರಳಿಗೆ ಜಿಡ್ಡು ಹತ್ತಿದರೆ ಬೆಣ್ಣೆ ಬೆಚ್ಚಗಾಗಿದೆ, ಒಂದು ಗಂಟೆ ಫ್ರಿಜ್‌ಗೆ. ಮೇಣದ ಹಾಗೆ ಅಂಟಿಕೊಂಡರೆ ಹಾಲು ಜಾಸ್ತಿ. ಒಂದೊಂದೇ ಚಮಚ ಮೈದಾ ಸೇರಿಸಿ, ಮತ್ತೆ ತಣ್ಣಗೆ ಮಾಡಿ.

ಹಿಟ್ಟು ಸರಿಯಿದ್ದೂ ಅಂಟಿದರೆ ಅಚ್ಚಿಗೆ ಉದುರಿಸಿದ ಪುಡಿ ನೋಡಿ. ಮೈದಾ ಉದುರಿಸಿದರೆ ಅದು ಜಿಡ್ಡು ಹೀರಿ ತಾನೇ ಅಂಟಾಗುತ್ತದೆ. ಇಲ್ಲಿನವರೂ ಬಳಸುವುದು ಅಕ್ಕಿ ಹಿಟ್ಟು. ನಮ್ಮ ಮನೆಗಳಲ್ಲಿ ಅದಕ್ಕೇನು ಬರ, ಅಲ್ವಾ? ಬಟ್ಟೆಯಲ್ಲಿ ಕಟ್ಟಿ ಅಚ್ಚಿನ ಮೇಲೆ ತಟ್ಟಿ, ಆಮೇಲೆ ಅಚ್ಚನ್ನು ಬೋರಲು ಹಾಕಿ ಒಂದು ಏಟು ಕೊಟ್ಟು ಹೆಚ್ಚಿನ ಪುಡಿ ಉದುರಿಸಿ. ಉಳಿದರೆ ಬಿಸ್ಕತ್ತಿನ ಮುಖದ ಮೇಲೆ ಬಿಳಿ ಕಲೆಯಾಗಿ ಕೂರುತ್ತದೆ.

ಒತ್ತುವ ಕ್ರಮಕ್ಕೂ ಬೆಲೆಯಿದೆ. ತಣ್ಣನೆಯ ಹಿಟ್ಟನ್ನು ನಡುವಿನಿಂದ ಅಂಚಿಗೆ ಹೆಬ್ಬೆರಳಿನಲ್ಲಿ ಒತ್ತುತ್ತಾ ಹೋಗಿ. ಮೇಲೆ ಉಳಿದದ್ದನ್ನು ಉದ್ದ ಚಾಕುವಿನಿಂದ ಹಲಗೆಗೆ ಸಮನಾಗಿ ಸವರಿ ತೆಗೆಯಿರಿ. ಚಾಕುವಿನ ಅಲಗು ನಿಮ್ಮಿಂದ ಆಚೆಗೆ ಹೋಗಲಿ, ಹಲಗೆ ಹಿಡಿದ ಕೈ ಅದರ ದಾರಿಯಲ್ಲಿ ಇರದಿರಲಿ. ಆಮೇಲೆ ಹಲಗೆಯ ತುದಿಯನ್ನು ಮೇಜಿನ ಅಂಚಿಗೆ ಓರೆಯಾಗಿ ಬಡಿಯಿರಿ. ಮೊದಲ ಏಟಿಗೆ ಏನೂ ಆಗುವುದಿಲ್ಲ. ಎರಡನೆಯ ಏಟಿಗೆ ಗಾಳಿಯಂತ್ರದ ಒಂದು ರೆಕ್ಕೆ ಕೂದಲೆಳೆಯಷ್ಟು ಮೇಲೇಳುತ್ತದೆ. ಮೂರನೆಯದಕ್ಕೆ ಪೂರ್ತಿ ಗಾಳಿಯಂತ್ರ ಅಂಗೈಗೆ ಬೀಳುತ್ತದೆ. ಅಂಗೈ ಮೇಲೆ ಆ ತಣ್ಣನೆಯ ಭಾರ ಕೂತಾಗ ಆಗುವ ಖುಷಿಗಾಗಿಯೇ ನಾನು ಇಷ್ಟೆಲ್ಲ ಮಾಡುವುದು.

ಹೊಸ ಅಚ್ಚಾದರೆ ಮೊದಲ ಕೆಲವು ಸಲ ಅಂಟುವುದು ಸಹಜ. ವಾಸನೆಯಿಲ್ಲದ ಅಡುಗೆ ಎಣ್ಣೆಯನ್ನು ತೆಳ್ಳಗೆ ಸವರಿ ರಾತ್ರಿ ಬಿಟ್ಟು, ಬೆಳಿಗ್ಗೆ ಒರೆಸಿ. ಕೆತ್ತನೆಯಲ್ಲಿ ಸಿಕ್ಕಿಕೊಂಡ ಹಿಟ್ಟನ್ನು ಚಾಕುವಿನಿಂದ ಕೆರೆಯಬೇಡಿ. ಒಣಗಲು ಬಿಟ್ಟು ಬ್ರಷ್‌ನಿಂದ ಉಜ್ಜಿ. ಅಂಗಡಿಯಲ್ಲಿ ಅಲಂಕಾರಕ್ಕೆ ಅಂತ ಮಾರುವ, ವಾರ್ನಿಷ್ ಬಳಿದ ಅಚ್ಚನ್ನು ತಿನ್ನುವ ಪದಾರ್ಥಕ್ಕೆ ಮುಟ್ಟಿಸಲೇಬೇಡಿ.

‘ಚಿತ್ರವೇ ಮಾಯ’

ಹೆಚ್ಚು ಫೋನ್ ಬರುವುದು ಇದಕ್ಕೇ. ಮಾಯವಾದ ಬಗೆಯನ್ನು ನೋಡಿದರೆ ಕಾರಣ ಅರ್ಧ ಸಿಕ್ಕಿದ ಹಾಗೆ.

ಬಿಸ್ಕತ್ತು ತೆಳ್ಳಗೆ ಹರಡಿ, ಅಂಚು ಜಾಲರಿಯ ಹಾಗಾಗಿ, ಕಾಗದದ ಮೇಲೆ ಜಿಡ್ಡಿನ ಗುರುತು ಬಿದ್ದಿದ್ದರೆ ಬೆಣ್ಣೆಯ ತೊಂದರೆ. ಹಿಟ್ಟು ಗಟ್ಟಿಯಾಗಿ ನಿಲ್ಲುವ ಮೊದಲೇ ಬೆಣ್ಣೆ ಕರಗಿ ಹರಿದಿದೆ. ಒತ್ತಿದ ಬಿಸ್ಕತ್ತುಗಳನ್ನು ಟ್ರೇ ಸಮೇತ ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು, ಓವನ್ ಪೂರ್ತಿ ಕಾದ ಮೇಲೆ ಒಂದನ್ನು ಬೇಯಿಸಿ. ಹೆಚ್ಚಿನ ಸಲ ಇಷ್ಟಕ್ಕೇ ಚಿತ್ರ ನಿಲ್ಲುತ್ತದೆ. ಖರ್ಚು ಬರೀ ಅರ್ಧ ಗಂಟೆ.

ಬಿಸ್ಕತ್ತು ಉಬ್ಬಿ, ಮೇಲೆಲ್ಲ ಬಿರುಕು ಬಿಟ್ಟು ಚಿತ್ರ ಕಳೆದುಕೊಂಡಿದ್ದರೆ ಉಬ್ಬಿಸುವ ಪುಡಿ ಜಾಸ್ತಿಯಾಗಿದೆ. ಇಲ್ಲಿಗೆ ಹೊಸದಾಗಿ ಬಂದವರು ಪೊಟ್ಟಣದಲ್ಲೇ ಮೋಸ ಹೋಗುತ್ತಾರೆ. ಸಾದಾ ಮೈದಾಕ್ಕೆ ಇಲ್ಲಿ ‘ಬ್ಲೂಮ್’ ಅನ್ನುತ್ತಾರೆ. ‘ಜೆಲ್ಫ್‌ರೈಜೆಂಡ್ ಬಕ್‌ಮೇಲ್’ ಅಂತ ಬರೆದಿದ್ದರೆ ಅದರಲ್ಲಿ ಬೇಕಿಂಗ್ ಪೌಡರ್ ಆಗಲೇ ಬೆರೆತಿರುತ್ತದೆ. ಅದರ ಮೇಲೆ ನೀವೂ ಹಾಕಿದರೆ ಸಿಂಟರ್‌ಕ್ಲಾಸನ ಮುಖ ಬನ್ ಆಗುತ್ತದೆ.

ಹೊರಗಿನ ಆಕಾರ ಸರಿಯಿದ್ದು ಕಣ್ಣು, ಗಡ್ಡ, ಕೋಲು ಮಾತ್ರ ಮಸುಕಾಗಿದ್ದರೆ ಬೇಯಿಸುವ ಮುಂಚೆಯೇ ಅವು ಸರಿಯಾಗಿ ಮೂಡಿದ್ದವಾ ಅಂತ ನೆನಪಿಸಿಕೊಳ್ಳಿ. ಮೂಡಿರದಿದ್ದರೆ ಒತ್ತಿದ್ದು ಸಾಲಲಿಲ್ಲ, ಇಲ್ಲವೇ ಅಚ್ಚಿನ ಗುಳಿಯಲ್ಲಿ ಹಳೆ ಹಿಟ್ಟು ತುಂಬಿಕೊಂಡಿದೆ.

ಇಷ್ಟೆಲ್ಲ ಸರಿಯಿದ್ದರೆ ಸಕ್ಕರೆ, ತುಪ್ಪದ ಕಡೆ ತಿರುಗಿ. ಇಲ್ಲಿನವರು ಹಾಕುವುದು ‘ಬಾಸ್ತರ್ಡ್‌ಸೌಕರ್’ ಅನ್ನುವ ನುಣ್ಣನೆಯ, ಸ್ವಲ್ಪ ತೇವ ಇರುವ ಸಕ್ಕರೆ. ಅದರ ಕಡು ಕಂದು ಬಗೆ ಬೇಕು. ದಪ್ಪ ಹರಳಿನ ಸಕ್ಕರೆ ಹಿಟ್ಟಿನಲ್ಲಿ ಕರಗದೆ ಉಳಿದು, ಓವನ್‌ನಲ್ಲಿ ಕರಗಿ ಹರಡುತ್ತದೆ. ಊರಿನಲ್ಲಿ ಮಾಡುವವರು ಕಂದು ಸಕ್ಕರೆಯನ್ನು ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿಕೊಳ್ಳಿ. ಬೆಲ್ಲದ ಪುಡಿಯಲ್ಲೂ ಮಾಡಿದ್ದೇನೆ. ಹಾಲು ಒಂದು ಚಮಚ ಕಡಿಮೆ ಮಾಡಬೇಕು. ರುಚಿ ಬಹಳ ಚೆನ್ನ, ಆದರೆ ಅದು ಸ್ಪೆಕುಲಾಸ್ ಅಲ್ಲ, ಬೇರೆಯೇ ತಿಂಡಿ. ಬೆಣ್ಣೆಗೆ ಬದಲು ತುಪ್ಪ ಹಾಕಬೇಡಿ. ತುಪ್ಪದಲ್ಲಿ ನೀರೇ ಇಲ್ಲ, ಪೂರ್ತಿ ಜಿಡ್ಡು. ಹಿಟ್ಟು ಮರಳಿನ ಹಾಗೆ ಉದುರಿ, ಚಿತ್ರದ ಗೆರೆಗಳು ನಿಲ್ಲುವುದಿಲ್ಲ.

‘ಕಲ್ಲಿನಂತಿದೆ’, ‘ಪುಡಿಪುಡಿ ಆಗ್ತಿದೆ’

ಕಲ್ಲಾದರೆ ಹಿಟ್ಟನ್ನು ಚಪಾತಿ ಹಿಟ್ಟಿನ ಹಾಗೆ ನಾದಿದ್ದೀರಿ. ನಾದಿದಷ್ಟೂ ಮೈದಾದ ಅಂಟು ಗಟ್ಟಿಯಾಗುತ್ತದೆ. ಸಾಮಾನೆಲ್ಲ ಕೂಡಿಕೊಂಡ ಕೂಡಲೇ ಕೈ ತೆಗೆಯಿರಿ. ಪುಡಿಯಾದರೆ ಹಿಟ್ಟು ನೆನೆದಿಲ್ಲ, ಇಲ್ಲವೇ ಹಾಲು ಸಾಲದು. ಒಂದು ರಾತ್ರಿ ಕಾಯಿರಿ. ಬೆಳಿಗ್ಗೆಯೂ ಬಿರುಕು ಬಿಡುತ್ತಿದ್ದರೆ ಒಂದು ಚಮಚ ಹಾಲು ಚಿಮುಕಿಸಿ.

ಹಸಿ ಹಿಟ್ಟಿನಲ್ಲಿ ಮೊಟ್ಟೆ ಇಲ್ಲ ಅಂತ ಮಕ್ಕಳಿಗೆ ನೆಕ್ಕಲು ಕೊಡಬೇಡಿ. ಬೇಯಿಸದ ಮೈದಾದಲ್ಲೂ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರಬಹುದು. ತಳಕ್ಕೆ ಬಾದಾಮಿ ಚೂರು ಅಂಟಿಸುವವರು ತಿನ್ನುವವರನ್ನು ಮೊದಲೇ ಕೇಳಿ. ಯಾರಿಗಾದರೂ ಅಲರ್ಜಿ ಆಗಿ ತುಟಿ, ನಾಲಿಗೆ ಊದಿಕೊಂಡರೆ, ಉಸಿರಾಟ ಕಷ್ಟವಾದರೆ ಕಾಯಬೇಡಿ. ಇಲ್ಲಿಯೂ ಭಾರತದಲ್ಲಿಯೂ ತುರ್ತು ಕರೆ 112.

‘ಘಮವೇ ಇಲ್ಲ’, ‘ಕಹಿ’, ‘ಸೋಪಿನ ರುಚಿ’

ಸೋಪಿನ ರುಚಿಯಾದರೆ ಬೇಕಿಂಗ್ ಪೌಡರ್ ಬದಲು ಅಡುಗೆ ಸೋಡಾ ಬಿದ್ದಿದೆ. ಸೋಡಾದ ಬಲ ಮೂರ್ನಾಲ್ಕು ಪಟ್ಟು ಜಾಸ್ತಿ. ಆ ಹಿಟ್ಟನ್ನು ಉಳಿಸಲು ಆಗುವುದಿಲ್ಲ, ಬಿಟ್ಟುಬಿಡಿ.

ಕಹಿಯಾದರೆ ತಳ ನೋಡಿ. ತಳ ಕಪ್ಪಾಗಿದ್ದರೆ ಸುಟ್ಟ ಸಕ್ಕರೆಯ ಕಹಿ. ತಳ ಚೆನ್ನಾಗಿದ್ದೂ ನಾಲಿಗೆ ಸ್ವಲ್ಪ ಜೋಮು ಹಿಡಿದ ಹಾಗಾದರೆ ಲವಂಗ ಜಾಸ್ತಿ. ನಾನು ಹಾಕುವ ಲೆಕ್ಕ ಇಲ್ಲಿ ಬಳಕೆಯಲ್ಲಿರುವುದೇ: ಚಕ್ಕೆ 8 ಪಾಲು, ಜಾಯಿಕಾಯಿ 2, ಲವಂಗ 2, ಬಿಳಿ ಮೆಣಸು 1, ಒಣಶುಂಠಿ 1, ಏಲಕ್ಕಿ 1. ಗರಂ ಮಸಾಲೆ ಮಾಡಿ ಅಭ್ಯಾಸವಾದ ಕೈ ಲವಂಗವನ್ನು ಧಾರಾಳವಾಗಿ ಹಾಕುತ್ತದೆ. ಚಮಚದಲ್ಲೇ ಅಳೆಯಿರಿ.

ಘಮ ಇಲ್ಲದಿದ್ದರೆ ಒಂದು ಚಿಟಿಕೆ ಮಸಾಲೆಯನ್ನು ಬಿಸಿ ಹಾಲಿಗೆ ಹಾಕಿ ಮೂಸಿ. ಹಾಲೂ ಸಪ್ಪೆಯಾದರೆ ಪುಡಿ ಹಳೆಯದು. ಹಾಲು ಘಮಘಮ ಅಂದರೆ ಹಿಟ್ಟಿಗೆ ಬಿಡುವು ಸಾಲಲಿಲ್ಲ. ರಾತ್ರಿ ಕಳೆದರೆ ಮಸಾಲೆಯ ಘಮ ಬೆಣ್ಣೆಗೆ ಇಳಿಯುತ್ತದೆ. ಇನ್ನೊಂದು ಸಾಧ್ಯತೆ: ನೀವು ನೋಡಿದ ಅಳತೆ ಬೆಲ್ಜಿಯಂನ ‘ಸ್ಪೆಕುಲೋಸ್’ನದು ಇರಬಹುದು. ಕಾಫಿ ಜೊತೆ ಕೊಡುವ ಆ ಬಿಸ್ಕತ್ತಿನಲ್ಲಿ ಕ್ಯಾರಮೆಲ್ ರುಚಿಯೇ ಮುಂದು, ಮಸಾಲೆ ಕಡಿಮೆ.

ಈ ಮಸಾಲೆ ಡಬ್ಬಿಯ ಸಾಮಾನೆಲ್ಲ ನಮಗೆ ಪರಿಚಿತವೇ. ಮೆಣಸು, ಏಲಕ್ಕಿ ನಮ್ಮ ಪಶ್ಚಿಮ ಘಟ್ಟದ ಬೆಳೆ. 1602ರಲ್ಲಿ ಹುಟ್ಟಿದ ಡಚ್ ಈಸ್ಟ್ ಇಂಡಿಯಾ ಕಂಪನಿ ಮೆಣಸಿಗಾಗಿ ಮಲಬಾರಿಗೂ, ಚಕ್ಕೆಗಾಗಿ ಸಿಂಹಳಕ್ಕೂ ಬಂತು. ಜಾಯಿಕಾಯಿಗಾಗಿ 1621ರಲ್ಲಿ ಈಗಿನ ಇಂಡೊನೇಷ್ಯಾದ ಬಾಂಡಾ ದ್ವೀಪಗಳನ್ನು ಹಿಡಿದಾಗ ಅಲ್ಲಿನ ಬಹುಪಾಲು ಜನ ಸತ್ತರು, ಇಲ್ಲವೇ ಗುಲಾಮರಾಗಿ ಸಾಗಿಹೋದರು. ಜಾಯಿಕಾಯಿ ತುರಿಯುವಾಗ ನನಗೆ ಅದು ನೆನಪಾಗುತ್ತದೆ. ಒಂದು ಚೂರನ್ನೂ ದಂಡ ಮಾಡಲು ಮನಸ್ಸು ಬರುವುದಿಲ್ಲ.

ಚಕ್ಕೆಯ ಬಗ್ಗೆ ಒಂದು ಎಚ್ಚರ. ಅಗ್ಗದ ದಪ್ಪ ಚಕ್ಕೆ, ಅಂದರೆ ಕ್ಯಾಸಿಯಾದಲ್ಲಿ, ಕೂಮರಿನ್ ಅನ್ನುವ ಅಂಶ ಹೆಚ್ಚು. ಬಹಳ ತಿಂದರೆ ಕೆಲವರ ಯಕೃತ್ತಿಗೆ ಒಳ್ಳೆಯದಲ್ಲ. ಯುರೋಪ್ ಒಕ್ಕೂಟದಲ್ಲಿ ಹಬ್ಬದ ಚಕ್ಕೆ ಬಿಸ್ಕತ್ತಿಗೆ ಕಿಲೋಗೆ 50 ಮಿಲಿಗ್ರಾಂ ಕೂಮರಿನ್ ಅಂತ ಮಿತಿಯಿದೆ. ಮಕ್ಕಳು ಮುಷ್ಟಿ ಮುಷ್ಟಿ ತಿನ್ನುವ ಮನೆಯಾದರೆ, ಯಾರಿಗಾದರೂ ಯಕೃತ್ತಿನ ತೊಂದರೆ ಇದ್ದರೆ, ಸಿಂಹಳದ ಚಕ್ಕೆ ತನ್ನಿ. ಕ್ಯಾಸಿಯಾ ಒಂದೇ ದಪ್ಪ ತೊಗಟೆ. ಸಿಂಹಳದ್ದು ತೆಳ್ಳನೆಯ ಪದರಗಳ ಸುರುಳಿ, ಬೆರಳಲ್ಲೇ ಪುಡಿಯಾಗುತ್ತದೆ.

‘ತಳ ಸೀದಿದೆ, ಮೇಲೆ ಬೆಂದಿಲ್ಲ’

ಸ್ಪೆಕುಲಾಸ್ ಹಿಟ್ಟು ಮೊದಲೇ ಕಂದು. ಹಾಗಾಗಿ ಬಣ್ಣ ನೋಡಿ ಬೆಂದಿದೆಯಾ ಅಂತ ಹೇಳುವುದು ಕಷ್ಟ. 15ನೇ ನಿಮಿಷದಲ್ಲಿ ತೆಳ್ಳನೆಯ ಚಾಕುವಿನಿಂದ ಒಂದನ್ನು ಎತ್ತಿ ತಳ ನೋಡುವುದೇ ಸರಿಯಾದ ದಾರಿ. ತಳ ಆಗಲೇ ಕಪ್ಪಾಗುತ್ತಿದ್ದರೆ ಟ್ರೇಯನ್ನು ನಡು ಅಂತಸ್ತಿಗೆ ತನ್ನಿ. ಕಪ್ಪು ಟ್ರೇ ಶಾಖವನ್ನು ಬೇಗ ಹೀರುತ್ತದೆ, ಅದರ ಕೆಳಗೆ ಇನ್ನೊಂದು ಟ್ರೇ ಜೋಡಿಸಿ.

ಒಂದು ಕಡೆ ಮಾತ್ರ ಸೀದರೆ ಬ್ರೆಡ್ ಹೋಳುಗಳನ್ನು ಜಾಲರಿ ತುಂಬ ಹರಡಿ 170 ಡಿಗ್ರಿಯಲ್ಲಿ ಹತ್ತು ನಿಮಿಷ ಬಿಡಿ. ಯಾವ ಮೂಲೆಯ ಹೋಳು ಕೆಂಪಾಯಿತೋ ಅಲ್ಲಿ ಶಾಖ ಜಾಸ್ತಿ. ಬೇಯುವಾಗ ನಡುವೆ ಒಮ್ಮೆ ಟ್ರೇ ತಿರುಗಿಸಿದರೆ ಸಾಕು. ಎಲ್ಲ ಹೋಳೂ ಬಿಳಿಯಾಗೇ ಉಳಿದರೆ, ಇಲ್ಲವೇ ಎಲ್ಲವೂ ಕರಿಕಾದರೆ, ಗುಂಡಿ ತೋರಿಸುವ ಅಂಕಿಯೇ ಸುಳ್ಳಿರಬಹುದು. ಆಗ ಓವನ್ ಒಳಗೆ ಇಡುವ ಸಣ್ಣ ಥರ್ಮಾಮೀಟರ್ ಕೊಳ್ಳಿ. ಇಪ್ಪತ್ತು ಡಿಗ್ರಿ ವ್ಯತ್ಯಾಸ ಇದ್ದರೂ ಗಾಬರಿ ಬೇಡ, ಗುಂಡಿಯನ್ನು ಅಷ್ಟು ತಿರುಗಿಸಿ ಬಳಸಬಹುದು. ಶಾಖ ಒಂದೇ ಕಡೆ ನಿಲ್ಲದೆ ಏರಿಳಿಯುತ್ತಲೇ ಇದ್ದರೆ ರಿಪೇರಿಯವರ ಕೆಲಸ.

ಇಲ್ಲಿ ನಿಲ್ಲಿಸಿ

ಓವನ್ ಹಾಕಿದ ಕೂಡಲೇ ಮನೆಯ ಕರೆಂಟ್ ಹೋದರೆ, ವಾಷಿಂಗ್ ಮೆಷಿನ್‌ನಂಥ ದೊಡ್ಡ ಯಂತ್ರ ಅದೇ ಲೈನ್‌ನಲ್ಲಿ ಓಡುತ್ತಿದೆಯಾ ನೋಡಿ. ಅದನ್ನು ನಿಲ್ಲಿಸಿ ಒಂದೇ ಒಂದು ಸಲ ಸ್ವಿಚ್ ಮೇಲೆತ್ತಿ. ಮತ್ತೆ ಹೋದರೆ ಪದೇ ಪದೇ ಎತ್ತಬೇಡಿ. ಪ್ಲಾಸ್ಟಿಕ್ ಸುಟ್ಟ ವಾಸನೆ, ಕಿಡಿ, ಮುಟ್ಟಿದರೆ ಜುಮ್ಮೆನ್ನುವುದು, ಬಾಗಿಲ ಗಾಜಿನಲ್ಲಿ ಬಿರುಕು: ಇವುಗಳಲ್ಲಿ ಯಾವುದು ಕಂಡರೂ ಮುಖ್ಯ ಸ್ವಿಚ್ ಆರಿಸಿ, ಎಲೆಕ್ಟ್ರಿಷಿಯನ್ ಬರುವವರೆಗೆ ಓವನ್ ಮುಟ್ಟಬೇಡಿ. ಬಾಡಿಗೆ ಮನೆಯಾದರೆ ಮಾಲೀಕರಿಗೆ ಹೇಳಿ. ಹಿಂದಿನ ಹಲಗೆ ಬಿಚ್ಚಿ ನೀವೇ ನೋಡುವ ಸಾಹಸ ಬೇಡ. ಒಳಗೆ ಬೆಂಕಿ ಹತ್ತಿದರೆ ಬಾಗಿಲು ತೆಗೆಯದೆ ಕರೆಂಟ್ ಆರಿಸಿ, 112ಕ್ಕೆ ಕರೆ ಮಾಡಿ.

ಗ್ಯಾಸ್ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟದೆ ಕಿಟಕಿ ತೆರೆದು, ಗ್ಯಾಸ್ ಮುಚ್ಚಿ, ಹೊರಗೆ ಬಂದು ಫೋನ್ ಮಾಡಿ. ನೆದರ್ಲ್ಯಾಂಡ್ಸ್‌ನಲ್ಲಿ 0800-9009. ಭಾರತದಲ್ಲಿ ಸಿಲಿಂಡರ್ ಸೋರಿಕೆಗೆ 1906.

‘ನಿನ್ನೆ ಗರಿಗರಿ ಇತ್ತು, ಇವತ್ತು ಮೆತ್ತಗೆ’

ಬಿಸ್ಕತ್ತು ಗಾಳಿಯ ತೇವ ಹೀರಿದೆ. ಡಬ್ಬಿಗೆ ಹಾಕುವಾಗ ಬಿಸಿ ಇತ್ತಾ? ಅದೇ ಡಬ್ಬಿಯಲ್ಲಿ ತಾಯ್‌ತಾಯ್ ಅಥವಾ ಕೇಕ್ ಇತ್ತಾ? ಮೆತ್ತನೆಯದರ ತೇವ ಗರಿಗರಿಯದಕ್ಕೆ ಹೋಗುತ್ತದೆ. ಎರಡಕ್ಕೂ ಬೇರೆ ಬೇರೆ ತಗಡಿನ ಡಬ್ಬಿ ಬೇಕು. ಕರಾವಳಿಯ ಮನೆಗಳಲ್ಲಿ ಚಕ್ಕುಲಿಗೆ ಮಾಡುವ ಕಾಳಜಿಯನ್ನೇ ಇದಕ್ಕೂ ಮಾಡಿ. ಮೆತ್ತಗಾದದ್ದನ್ನು 150 ಡಿಗ್ರಿಯಲ್ಲಿ ಏಳೆಂಟು ನಿಮಿಷ ಇಟ್ಟು ಜಾಲರಿ ಮೇಲೆ ಆರಿಸಿದರೆ ಮತ್ತೆ ಗರಿಗರಿ. ಹಳೆ ಎಣ್ಣೆಯ ಕಮಟು ಬಂದಿದ್ದರೆ, ಎಲ್ಲಾದರೂ ಬೂಷ್ಟು ಕಂಡರೆ ಬಿಸಾಡಿ, ಅದನ್ನು ಬಿಸಿ ಮಾಡಿ ಉಳಿಸಲು ಆಗುವುದಿಲ್ಲ.

ಚಿತ್ರ ಕೆಟ್ಟು ರುಚಿ ಚೆನ್ನಾಗಿರುವ ತುಂಡುಗಳನ್ನು ಮಾತ್ರ ಎಸೆಯಬೇಡಿ. ಕೈಯಲ್ಲೇ ಒರಟಾಗಿ ಪುಡಿ ಮಾಡಿ, ಬೆಣ್ಣೆಯಲ್ಲಿ ಬಾಡಿಸಿದ ಸೇಬಿನ ಮೇಲೆ ಉದುರಿಸಿ, ಬಿಸಿ ಇರುವಾಗಲೇ ತಿನ್ನಿ.